ಅಪ್ಪ ಸೂರ್ಯನನ್ನು ನಿಲ್ಲಿಸಿದ ವರ್ಷ

ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದನ್ನು ನಾನು ಮೊಟ್ಟಮೊದಲು ನಂಬಿದ್ದು ಎರಡು ಅಂಕಕ್ಕೆ. ಏಳನೇ ತರಗತಿಯ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿದ್ದಿತ್ತು. ನಾನು ಪುಸ್ತಕದಲ್ಲಿದ್ದಂತೆ ಬರೆದೆ, ಮಾಸ್ತರರು ಪುಸ್ತಕದಲ್ಲಿದ್ದಂತೆ ತಿದ್ದಿದರು. ನಮ್ಮಿಬ್ಬರಲ್ಲಿ ಒಬ್ಬರೂ ಕಿಟಕಿಯಿಂದ ಹೊರಗೆ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ನೋಡಿದ್ದರೆ ಅಂಕ ಹೋಗುತ್ತಿತ್ತು. ಏಕೆಂದರೆ ಕಿಟಕಿಯ ಹೊರಗೆ ಸೂರ್ಯನೇ ತಿರುಗುತ್ತಾನೆ, ಭೂಮಿ ಗಟ್ಟಿಯಾಗಿ ಕೂತಿರುತ್ತದೆ. ಮುಂದೆ ನಾನೇ ಹುಮನಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್ ಆದೆ. ಅದೇ ಎರಡು ಅಂಕವನ್ನು ಉದಾರವಾಗಿ ಹಂಚುತ್ತ ಬಂದೆ.

ನನ್ನ ತವರು ಬಸವಕಲ್ಯಾಣ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸು ಹಿಡಿದು ಅಲ್ಲಿಗೆ ಹೋಗುವುದು ನನ್ನ ರೂಢಿ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನನಗೊಂದು ಚಿಕ್ಕ ಸಂತೋಷವಿತ್ತು. ನಮ್ಮ ಬಸ್ಸಿಗೆ ಒರಸಿದಂತೆ ಚಿಟಗುಪ್ಪದ ಬಸ್ಸು ನಿಂತಿರುತ್ತಿತ್ತು. ಅದು ಹಿಂದಕ್ಕೆ ಸರಿಯಿತೆಂದರೆ ನಮ್ಮದೇ ಬಸ್ಸು ಮುಂದೆ ಹೊರಟಂತೆ ಅನಿಸಿ, ಸಮಾಧಾನದಿಂದ ಚೀಲ ತೊಡೆಯ ಮೇಲೆ ಇಟ್ಟುಕೊಂಡುಬಿಡುತ್ತಿದ್ದೆ. ಚಿಟಗುಪ್ಪದ ಬಸ್ಸು ಪೂರ್ತಿ ಹೋದ ಮೇಲೆ ನೋಡಿದರೆ ನಾವು ಅದೇ ಹಣ್ಣಿನ ಗಾಡಿಯ ಎದುರು! ಪ್ರತಿ ಶನಿವಾರ ಮೋಸ ಹೋಗುತ್ತಿದ್ದೆ, ಪ್ರತಿ ಶನಿವಾರ ನಗುತ್ತಿದ್ದೆ. ಒಂದು ಸಲ ಹೀಗೆ ನಗುತ್ತಿರುವಾಗ ಮೈ ಜುಮ್ಮೆಂದಿತು. ಚಿಟಗುಪ್ಪದ ಬಸ್ಸು ಹೋದ ಮೇಲೆ ನನಗೆ ಹಣ್ಣಿನ ಗಾಡಿ ಕಂಡಿತು, ಸತ್ಯ ತಿಳಿಯಿತು. ಆದರೆ ಭೂಮಿಯೆಂಬ ಬಸ್ಸಿನಲ್ಲಿ ಹುಟ್ಟಿ, ಅದರಲ್ಲೇ ಸತ್ತು, ಒಮ್ಮೆಯೂ ಕೆಳಗಿಳಿಯದ ಮನುಷ್ಯರಿಗೆ, ಚಲಿಸುತ್ತಿರುವುದು ಎದುರಿನ ಬಸ್ಸಲ್ಲ, ನಮ್ಮದೇ ಎಂದು ಗೊತ್ತಾದದ್ದು ಹೇಗೆ? ಪಾಠ ಮಾಡಿ ಮಾಡಿ ಸವೆದುಹೋಗಿದ್ದ ಆ ಎರಡು ಅಂಕದ ಪ್ರಶ್ನೆ ಅಂದು ನನಗೆ ಹೊಸದಾಗಿ ಹೊಳೆಯಿತು. ಹೊಳೆದದ್ದನ್ನು ಬಾಯಲ್ಲಿ ಇಟ್ಟುಕೊಳ್ಳಲಾರದೆ, ಮನೆಗೆ ಹೋದವಳೇ ಅಪ್ಪನಿಗೆ ಹೇಳಿದೆ. ಕಥೆ ಶುರುವಾದದ್ದು ಅಲ್ಲಿಂದ.

ಅಪ್ಪನದು ಅರಿವಿ ಅಂಗಡಿ. ಮದುವೆ ಸೀರೆ, ಧೋತರ, ಕುಪ್ಪಸದ ಬಟ್ಟೆ ಕೊಳ್ಳಲು ಗೋರ್ಟಾದಿಂದ ಹಳ್ಳಿಖೇಡದ ತನಕದ ಮಂದಿ ಬರುತ್ತಿದ್ದರು. ಕಣ್ಣಿಗೆ ಕಂಡಿದ್ದು, ಕೈಗೆ ಹತ್ತಿದ್ದು ಬಿಟ್ಟು ಬೇರೆ ಏನನ್ನೂ ನಂಬದ ಮನುಷ್ಯ. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡದೆ ಯಾವ ಕಂಪನಿಯ ಮಾತನ್ನೂ ಒಪ್ಪಿದವನಲ್ಲ. ನಾನು ಬಸ್ಸಿನ ಕಥೆ ಹೇಳಿದಾಗ ಅವನು ಲೋಟದ ಚಹಾ ತೋರಿಸಿದ.

"ಭೂಮಿ ಓಡಾಕತ್ತದ ಅಂತಿ. ಮತ್ತ ಈ ಚಹಾ ಯಾಕ ಚೆಲ್ಲವಲ್ಲದು?"

"ಚಹಾನೂ ಭೂಮಿ ಸಂಗಟ ಓಡಾಕತ್ತದ ಅಪ್ಪಾ."

"ನೀ ನೋಡೀಯೇನು?"

ನಾನು ನೋಡಿರಲಿಲ್ಲ. ಅಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟ. ಅದು ಅವನು ಗೆದ್ದಾಗ ಮಾಡುವ ಸದ್ದು.

ಅಪ್ಪನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜಗತ್ತಿನ ಅತಿ ಬುದ್ಧಿವಂತರೆಲ್ಲ ಸಾವಿರ ವರ್ಷಕ್ಕೂ ಮಿಕ್ಕಿ ಇದನ್ನೇ ಕೇಳಿದರು. ಭೂಮಿ ಓಡಿದರೆ ಹಾರುವ ಹಕ್ಕಿ ಯಾಕೆ ಹಿಂದೆ ಉಳಿಯುವುದಿಲ್ಲ? ಮೇಲೆಸೆದ ಕಲ್ಲು ಯಾಕೆ ಅಲ್ಲೇ ಬೀಳುತ್ತದೆ? ಈಜಿಪ್ಟಿನ ಬಂದರು ಪಟ್ಟಣದಲ್ಲಿ ಕೂತು ಒಬ್ಬ ಪಂಡಿತ ಭೂಮಿಯನ್ನು ನಡುವೆ ಇಟ್ಟು, ಗ್ರಹಗಳನ್ನೆಲ್ಲ ಅದರ ಸುತ್ತ ಚಕ್ರದ ಮೇಲೊಂದು ಚಕ್ರ ಹಾಕಿ ತಿರುಗಿಸಿದ. ಕೆಲವು ತಿಂಗಳು ಗ್ರಹಗಳು ಹಿಂದಕ್ಕೆ ನಡೆಯುವಂತೆ ಕಾಣುತ್ತವಲ್ಲ, ಅದಕ್ಕಾಗಿ ಆ ಎರಡನೇ ಚಕ್ರ. ಎಷ್ಟು ಚಂದದ ತಪ್ಪೆಂದರೆ, ಅದರ ಲೆಕ್ಕ ಬಹುಮಟ್ಟಿಗೆ ಕೂಡಿ ಬರುತ್ತಿತ್ತು. ಹೀಗೆ ಕೂಡಿ ಬರುವ ತಪ್ಪನ್ನು ಬಿಡಿಸುವುದು ಬಹಳ ಕಷ್ಟ. ನಮ್ಮ ದೇಶದಲ್ಲೂ ಒಬ್ಬ ಮಹಾನುಭಾವ, ದೋಣಿಯಲ್ಲಿ ಹೋಗುವವನಿಗೆ ದಂಡೆ ಹಿಂದೆ ಸರಿದಂತೆ ಕಾಣುವ ಹಾಗೆ ಭೂಮಿ ತನ್ನಷ್ಟಕ್ಕೆ ಗಿರಕಿ ಹೊಡೆಯುವುದರಿಂದಲೇ ನಕ್ಷತ್ರಗಳು ಓಡಿದಂತೆ ಕಾಣುತ್ತವೆ ಎಂದಿದ್ದ. ಅವನ ನಂತರದವರು ಗೌರವದಿಂದಲೇ ಅದನ್ನು ಪಕ್ಕಕ್ಕಿಟ್ಟರು. ಹುಮನಾಬಾದಿನ ನಿಲ್ದಾಣದಲ್ಲಿ ನನಗೆ ಹೊಳೆದದ್ದು ಅವನಿಗೆ ಒಂದೂವರೆ ಸಾವಿರ ವರ್ಷ ಮೊದಲೇ ಹೊಳೆದಿತ್ತು ಎಂದು ತಿಳಿದು ನನಗೆ ಸ್ವಲ್ಪ ನಿರಾಸೆಯೂ ಆಯಿತು.

ನಮ್ಮ ಶಾಲೆಯಲ್ಲಿ ಗಣಿತಕ್ಕೆ ಖಾದ್ರಿ ಸರ್ ಇದ್ದರು. ಅಪ್ಪನ ಸವಾಲು ಕೇಳಿ ಅವರಿಗೆ ನನಗಿಂತ ಹುರುಪು ಬಂತು. ಚಷ್ಮಾದ ಅಂಗಡಿಯಿಂದ ಒಂದು ಮಸೂರದ ಕಾಜು, ಹಳೆಯ ದುರ್ಬೀನಿನ ಚೂರು ಕಾಜು ಇನ್ನೊಂದು, ನಡುವೆ ನೀರಿನ ಪ್ಲಾಸ್ಟಿಕ್ ಪೈಪು. ಒಳಗೆಲ್ಲ ಕಪ್ಪು ಬಣ್ಣ ಬಳಿದು ಅವರು ದೂರದರ್ಶಕ ಮಾಡಿಯೇಬಿಟ್ಟರು. ಎರಡು ಸಾವಿರದ ನಾಲ್ಕನೇ ಇಸವಿ, ಸಂಕ್ರಾಂತಿಯ ಆಸುಪಾಸು. ಪೈಪನ್ನು ಹೆಗಲಿಗೇರಿಸಿಕೊಂಡು ನಾವಿಬ್ಬರು ಬಸ್ಸು ಹತ್ತಿದೆವು.

"ಬೋರ್‌ವೆಲ್ ಹಾಕ್ಸಾಕತ್ತೀರೇನ್ರಿ ಟೀಚರ್?" ಎಂದ ಕಂಡಕ್ಟರ್.

"ಹೌದ್ರಿ, ಆಕಾಶದಾಗ," ಎಂದರು ಖಾದ್ರಿ ಸರ್.

ಮನೆಯ ಮಾಳಿಗೆಯ ಮೇಲೆ ಪೈಪು ಕಟ್ಟಿ, ಮೊದಲು ಅಪ್ಪನಿಗೆ ಕೋಟೆಯ ಬುರುಜು ತೋರಿಸಿದೆವು. ಅಪ್ಪ ಕಣ್ಣಿಟ್ಟವನೇ ಹಿಂದೆ ಸರಿದ.

"ಕೋಟಿ ತಲಿಕೆಳಗ ಆಗ್ಯಾದಲ್ಲೋ! ಇಂಥಾ ಪೈಪ್ ನಂಬಿ ಸೂರ್ಯನ್ನ ನಿಂದ್ರಸ್ತೀರಿ?"

ಇಂಥ ದೂರದರ್ಶಕದಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆ ಎಂದು ಖಾದ್ರಿ ಸರ್ ಬೆವರು ಒರೆಸಿಕೊಳ್ಳುತ್ತ ವಿವರಿಸಿದರು. ನನಗೆ ಮಾತ್ರ ಒಳಗೊಳಗೇ ಖುಷಿ. ನಾನೂರು ವರ್ಷದ ಕೆಳಗೆ ಇಟಲಿಯ ಒಬ್ಬ ಪ್ರೊಫೆಸರು ತನ್ನ ನಳಿಗೆ ಹಿಡಿದು ಊರೂರು ತಿರುಗಿದಾಗಲೂ ಕೆಲವು ವಿದ್ವಾಂಸರು ಅದನ್ನು ನಂಬಲಾಗದೆಂಬ ಇದೇ ಮಾತಾಡಿದ್ದರು. ಕೆಲವರಂತೂ ಅದರಲ್ಲಿ ಇಣುಕುವುದಿಲ್ಲ ಎಂದೇ ಹಟ ಹಿಡಿದರಂತೆ. ಅಪ್ಪ ಇಣುಕಿಯಾದರೂ ನೋಡಿದನಲ್ಲ!

ಆ ಪರದೇಶದ ಹೆಸರುಗಳು ಅಪ್ಪನ ನಾಲಿಗೆಗೆ ಏರಲಿಲ್ಲ. ಅವನು ತನ್ನ ಗಿರಾಕಿಗಳನ್ನು ಊರಿನಿಂದಲೇ ಗುರುತಿಡುವವನು; ಚಿಟಗುಪ್ಪದಂವ, ಗೋರ್ಟಾದಂವ ಎಂದು. ಹಾಗೆಯೇ ಖಗೋಳ ಪಂಡಿತರೂ ಅವನ ಬಾಯಲ್ಲಿ ಈಜಿಪ್ಟಿನಂವ, ಪೋಲೆಂಡಿನಂವ, ಡೆನ್ಮಾರ್ಕಿನಂವ, ಜರ್ಮನಿಯಂವ, ಇಟಲಿಯಂವ ಆದರು. ಎಲ್ಲರೂ ಬಾಕಿ ಉಳಿಸಿಕೊಂಡು ಹೋದ ಗಿರಾಕಿಗಳ ಹಾಗೆ ನಮ್ಮ ಮನೆಯಲ್ಲಿ ದಿನವೂ ಅವರ ಮಾತು ನಡೆಯುತ್ತಿತ್ತು. ನಾನೂ ಇಲ್ಲಿ ಅಪ್ಪನ ರೀತಿಯಲ್ಲೇ ಕರೆಯುತ್ತೇನೆ.

ಆ ಸಂಜೆ ಪಶ್ಚಿಮದಲ್ಲಿ ಶುಕ್ರ ಹೊಳೆಯುತ್ತಿತ್ತು. ಅಪ್ಪನಿಗೆ ಶುಕ್ರನ ಪರಿಚಯ ಹಳೆಯದು. ನಮ್ಮ ಕಲ್ಯಾಣದಲ್ಲಿ ಮುಹೂರ್ತ ನೋಡಬಾರದು ಎಂದು ಭಾಷಣ ಕೇಳಿ ತಲೆದೂಗುವವರೇ, ಮನೆಗೆ ಬಂದು ಗೋಡೆಯ ಕ್ಯಾಲೆಂಡರು ತಿರುವುತ್ತಾರೆ. ಶುಕ್ರ ಸೂರ್ಯನ ಬಳಿ ಹೋಗಿ ಕಾಣದಾದರೆ ಲಗ್ನಗಳಿಲ್ಲ. ಲಗ್ನಗಳಿಲ್ಲವೆಂದರೆ ಸೀರೆಯ ಗಿರಾಕಿಯಿಲ್ಲ. ಶುಕ್ರ ಯಾವಾಗ ಮುಳುಗುತ್ತಾನೆ, ಯಾವಾಗ ಏಳುತ್ತಾನೆ ಎಂಬುದು ಅಪ್ಪನಿಗೆ ಬಾಯಿಪಾಠ. ಯಾಕೆ ಮುಳುಗುತ್ತಾನೆ ಎಂದು ಮಾತ್ರ ಅವನು ಕೇಳಿರಲಿಲ್ಲ.

"ಈಗ ನೋಡ್ರಿ ಸಾವ್ಕಾರ್ರೆ," ಎಂದರು ಖಾದ್ರಿ ಸರ್. "ಶುಕ್ರ ಸಣ್ಣದು, ಹೆಚ್ಚುಕಡಿಮಿ ದುಂಡಗ ಅದ. ಮಾರ್ಚಿಗೆ ಅರ್ಧ ಆಗತದ. ಮೇ ತಿಂಗಳಾಗ ದೊಡ್ಡ ಕುಡಗೋಲ ಆಗತದ. ಸೂರ್ಯನ್ನ ಸುತ್ತಿದ್ರ ಮಾತ್ರ ಹಿಂಗ ಆಗೋದು. ಆ ಕಡಿ ಇದ್ದಾಗ ಅದರ ಬೆಳಕಿನ ಮಾರಿ ನಮ್ಮ ಕಡಿ. ಈ ಕಡಿ ಬಂದಾಗ ಬೆನ್ನು ನಮ್ಮ ಕಡಿ."

ಅಪ್ಪ ನೋಡಿದ. "ದುಂಡಗ ಇದ್ದದ್ದು ದುಂಡಗ ಅದ. ಚುಕ್ಕಿ ಎಲ್ಲಾ ದುಂಡಗ ಇರ್ತಾವ," ಎಂದ. ಆಮೇಲೆ ಸ್ವಲ್ಪ ಯೋಚಿಸಿ, ವ್ಯಾಪಾರ ಕುದುರಿಸುವ ದನಿಯಲ್ಲಿ ಹೇಳಿದ: "ಅದು ಕುಡಗೋಲ ಆದದ್ದು ನನ್ನ ಕಣ್ಣಿಲೆ ಕಂಡ್ರ, ಭೂಮಿ ತಿರುಗತದ ಅಂತ ಒಪ್ಪತೀನಿ. ನಿಮ್ಮ ಕಣ್ಣಿಲೆ ಅಲ್ಲ. ನನ್ನ ಕಣ್ಣಿಲೆ."

ಆ ಮಾತಿನಲ್ಲಿ ಏನಿತ್ತೆಂದು ನಮಗೆ ಆಗ ತಿಳಿಯಲಿಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ ಮತ್ತೆ ಪೈಪು ಹೊತ್ತು ಹೋದೆವು. ನಾನು ನೋಡಿದೆ. ಅಬ್ಬಾ, ಯಾರೋ ಬೆಲ್ಲದಚ್ಚನ್ನು ಕತ್ತಿಯಿಂದ ಕೊಯ್ದಂತೆ ಸರಿಯಾಗಿ ಅರ್ಧ! ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆದದ್ದು ಆಕಾಶದಲ್ಲಿ ನಿಜವಾಗಿ ನಿಂತಿತ್ತು. ನಾನು ಕಿರುಚಿದ ಕಿರುಚಿಗೆ ಪಕ್ಕದ ಮಾಳಿಗೆಯವರು ಓಡಿಬಂದರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಣ್ಣಿಟ್ಟಳು. "ಯವ್ವಾ, ಅಷ್ಟಮಿ ಚಂದ್ರಾಮನ ಮರಿ!" ಎಂದಳು.

ಅಪ್ಪ ಬಹಳ ಹೊತ್ತು ನೋಡಿದ. ಪೈಪು ಅಲ್ಲಾಡಿಸಿದ. ಮತ್ತೆ ನೋಡಿದ.

"ಮೂರು ನಾಕು ಕಾಣಾಕತ್ತಾವ. ಒಂದರ ಮ್ಯಾಗ ಒಂದು, ಮಂಜ ಮಂಜ. ನಿಮ್ಮ ಪೈಪ್ ಖರಾಬ ಆಗ್ಯಾದ."

ಖಾದ್ರಿ ಸರ್ ಕಾಜು ಒರೆಸಿದರು. ಅಪ್ಪನಿಗೆ ಮತ್ತೆ ಮೂರು ನಾಲ್ಕು. ಅವನ ದನಿ ಏರಿತು. ನಮ್ಮದು ಕಣ್ಕಟ್ಟು ಎಂದ, ಅವ್ವನನ್ನೂ ಒಳಗೆ ಹಾಕಿಕೊಂಡಿದ್ದೇವೆ ಎಂದ. ಆಗ ಅವ್ವ ಮೆಲ್ಲಗೆ ಹೇಳಿದಳು: "ಪೈಪಿನ್ಯಾಗ ಅಲ್ರಿ. ಕರೀ ದಾರ, ನೀಲಿ ದಾರ ನಿಮಗ ಗುರ್ತು ಹತ್ತವಲ್ಲದು ಈಗೊಂದು ವರ್ಷ ಆತು. ಅಂಗಡ್ಯಾಗ ಟ್ಯೂಬ್‌ಲೈಟ್ ಬದಲಿಸಿದ್ದ ಬದಲಿಸಿದ್ದು. ನನಗ ತಿಳಿಯಂಗಿಲ್ಲೇನ್ರಿ?"

ಅಪ್ಪ ಗೋಡೆಗೆ ಆತು ಕುಳಿತ. ಮೋತಿಬಿಂದು, ಕಣ್ಣಿನ ಪೊರೆ. ಅವನಿಗೂ ಗೊತ್ತಿತ್ತು. ಅವನ ಅಣ್ಣ, ನನ್ನ ದೊಡ್ಡಪ್ಪ, ಹಿಂದಿನ ಕಾಲದಲ್ಲಿ ಪೊರೆ ತೆಗೆಸಲು ಹೋಗಿ ಇದ್ದ ಕಣ್ಣನ್ನೂ ಕಳೆದುಕೊಂಡು ಬಂದಿದ್ದ. ಆ ಹೆದರಿಕೆಯನ್ನು ಅಪ್ಪ ವೋಲ್ಟೇಜಿನ ಮೇಲೆ ಹಾಕುತ್ತ, ಟ್ಯೂಬ್‌ಲೈಟಿನ ಮೇಲೆ ಹಾಕುತ್ತ ಬಂದಿದ್ದ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವನಿಗೆ ಕಣ್ಣೇ ಕೈಕೊಟ್ಟರೆ ಅವನು ಎಲ್ಲಿಗೆ ಹೋಗಬೇಕು?

ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಸಂಕಟ ಬಂದಾಗ ನಾನು ಪಾಠ ಮಾಡುತ್ತೇನೆ. ಮನೆಯವರು ಇದಕ್ಕೆ ಹೊಂದಿಕೊಂಡಿದ್ದಾರೆ. ಅವನ ಪಕ್ಕ ಕೂತು ಜರ್ಮನಿಯಂವನ ಕಥೆ ಶುರು ಮಾಡಿದೆ.

ಮೊದಲು ಪೋಲೆಂಡಿನಂವ. ಚರ್ಚಿನ ಕೆಲಸ ಮಾಡಿಕೊಂಡಿದ್ದ ಆ ಮನುಷ್ಯ ಸೂರ್ಯನನ್ನು ನಡುವೆ ಇಟ್ಟು ಲೆಕ್ಕ ಹಾಕಿದ. ಗ್ರಹ ಹಿಂದಕ್ಕೆ ನಡೆಯುವ ಒಗಟು ತಾನಾಗಿ ಬಿಚ್ಚಿತು. ನಮ್ಮ ಬಸ್ಸು ಮಂಗಳನ ಬಸ್ಸನ್ನು ಹಿಂದೆ ಹಾಕುವಾಗ ಅದು ಹಿಂದೆ ಸರಿದಂತೆ ಕಾಣುತ್ತದೆ, ಅಷ್ಟೆ. ಆದರೆ ಜನ ನಕ್ಕಾರು ಎಂದು ಆತ ಎಷ್ಟೋ ವರ್ಷ ಅದನ್ನು ಒಳಗೇ ಇಟ್ಟುಕೊಂಡ; ಅಚ್ಚಾದ ಪುಸ್ತಕ ಕೈಗೆ ಬಂದಾಗ ಸಾವಿನ ಹಾಸಿಗೆಯಲ್ಲಿದ್ದನಂತೆ. ಇಷ್ಟಾಗಿ ಅವನ ಲೆಕ್ಕ ಈಜಿಪ್ಟಿನಂವನ ಲೆಕ್ಕಕ್ಕಿಂತ ಬಹಳ ನಿಖರವೇನೂ ಆಗಿರಲಿಲ್ಲ. ಯಾಕೆಂದರೆ ಅವನೂ ದುಂಡು ಚಕ್ರ ಬಿಡಲಿಲ್ಲ. ನಂತರ ಬಂದ ಡೆನ್ಮಾರ್ಕಿನಂವ, ಕತ್ತಿಕಾಳಗದಲ್ಲಿ ಮೂಗಿನ ತುಂಡು ಕಳೆದುಕೊಂಡು ಲೋಹದ ಮೂಗು ಹಾಕಿಕೊಂಡಿದ್ದ ಜಮೀನ್ದಾರ, ಒಂದು ದ್ವೀಪದಲ್ಲಿ ಕೂತು ಬರಿಗಣ್ಣಿನಿಂದಲೇ ಗ್ರಹಗಳ ಜಾಗ ಗುರುತಿಸಿದ. ಅಷ್ಟು ಕರಾರುವಾಕ್ಕಾಗಿ ಅದುವರೆಗೆ ಯಾರೂ ಗುರುತಿಸಿರಲಿಲ್ಲ.

"ಜರ್ಮನಿಯಂವ ಅವನ ಹತ್ರ ಕೆಲಸಕ್ಕ ಸೇರಿದ ಅಪ್ಪಾ. ಇವಗ ಸಣ್ಣಂವ ಇದ್ದಾಗ ಸಿಡುಬು ಬಂದು ಕಣ್ಣು ಕೆಟ್ಟಿದ್ವು. ಒಂದ ಚಂದ್ರಾಮ ನಾಕಾಗಿ ಕಾಣ್ತಿದ್ದ."

ಅಪ್ಪ ತಲೆಯೆತ್ತಿದ. "ನನಗ ಕಂಡಂಗ?"

"ನಿನಗ ಕಂಡಂಗ."

"ಅಂಥಾ ಕಣ್ಣಿಲೆ ಗ್ರಹ ಹ್ಯಾಂಗ ನೋಡಿದ?"

"ನೋಡಲಿಲ್ಲ. ಡೆನ್ಮಾರ್ಕಿನಂವ ನೋಡಿ ಬರೆದಿಟ್ಟಿದ್ದು ತಗೊಂಡು ವರ್ಷಾನುಗಟ್ಟಲೆ ಲೆಕ್ಕ ಹಾಕಿದ. ಎಳ್ಳಷ್ಟು ಫರಕ್ ಬಂತು. ಡೆನ್ಮಾರ್ಕಿನಂವನ ಕಣ್ಣು ತಪ್ಪೋದಿಲ್ಲ, ನನ್ನ ಚಕ್ರಾನ ತಪ್ಪು ಅಂತ ಚಕ್ರ ಒಗದು, ದಾರಿ ದುಂಡಗಿಲ್ಲ, ಜರಾ ಚಪ್ಪಟ ಅದ ಅಂತ ಕಂಡು ಹಿಡದ. ಆವಾಗ ಲೆಕ್ಕ ಬರೋಬ್ಬರಿ ಕೂಡಿತು."

ಅಪ್ಪ ಪಶ್ಚಿಮಕ್ಕೆ ನೋಡುತ್ತ ಕುಳಿತ. ಅವನಿಗೆ ಅಲ್ಲಿ ಏನು ಕಾಣುತ್ತಿತ್ತೋ. ಕೊನೆಗೆ, "ಅಂದ್ರ ಅಂವ ಮಂದಿ ಕಣ್ಣು ನಂಬಿದ," ಎಂದ.

"ಹೂಂ."

"ಮೇ ತಿಂಗಳಿಗೆ ಕುಡಗೋಲ ಆಗತದಂದ್ರಿ. ಅಷ್ಟರಾಗ ಕಣ್ಣು ತೆರಸ್ತಾನೇನು ಬೀದರದ ಕಣ್ಣಿನ ಡಾಕ್ಟರ?"

ವಿಜ್ಞಾನದ ಇತಿಹಾಸವನ್ನು ಪಾಠ ಮಾಡಿ ನಾನು ಸಾಧಿಸಿದ ಏಕಮಾತ್ರ ಪ್ರತ್ಯಕ್ಷ ಪ್ರಯೋಜನ ಇದು.

ಏಪ್ರಿಲಿನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಟೇಬಲ್ ಮೇಲೆ ಮಲಗಿಸುವ ಮುಂಚೆ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದ. ಬಟ್ಟೆಯ ಅಂಚು ಉಜ್ಜುವಂತೆ ನನ್ನ ಬೆರಳು ಉಜ್ಜುತ್ತಿದ್ದ. ನಾನು ಹೊರಗೆ ಬೆಂಚಿನ ಮೇಲೆ ಕೂತು ಗ್ರಹಗಳ ಹೆಸರನ್ನು ಜಪದಂತೆ ಹೇಳಿಕೊಂಡೆ, ಮತ್ತು ಹೆದರಿಕೆಯಲ್ಲಿ ಎರಡು ಸಲ ಬುಧನನ್ನು ಬಿಟ್ಟೆ. ಮರುದಿನ ಪಟ್ಟಿ ಬಿಚ್ಚಿದರು. ಅಪ್ಪ ಕಣ್ಣು ಪಿಳಿಪಿಳಿ ಮಾಡಿ ಮೊದಲು ನೋಡಿದ್ದು ಅವ್ವನ ಸೀರೆಯನ್ನು.

"ಇದು ನೇರಳಿ ಬಣ್ಣ!" ಎಂದ, ಯಾರೋ ತನಗೆ ಮೋಸ ಮಾಡಿದ್ದಾರೆ ಎಂಬಂತೆ. "ನಾ ಇಷ್ಟು ದಿನ ಕಂದು ಅಂತ ತಿಳಕೊಂಡಿದ್ದೆ. ಗೋಡಿ ಬೆಳ್ಳಗ ಅದ. ಆ ಆಕಾಶ ನೋಡು, ಏನು ನೀಲಿ! ಯಾವ ಮಿಲ್ಲಿನ್ಯಾಗೂ ಇಂಥಾ ನೀಲಿ ಬರಂಗಿಲ್ಲ." ಡಾಕ್ಟರರು ಕೊಟ್ಟ ಕರೀ ಚಷ್ಮಾ ಹಾಕಿಕೊಳ್ಳಲು ಒಪ್ಪಿಸುವುದೇ ಸಾಹಸವಾಯಿತು. ಹೊಸದಾಗಿ ಸಿಕ್ಕ ಬಣ್ಣಗಳನ್ನು ಮತ್ತೆ ಯಾರು ಮುಚ್ಚಿಡುತ್ತಾರೆ?

ಮೇ ತಿಂಗಳ ನಡುವೆ, ಒಂದು ಸುಡುವ ಹಗಲಿನ ನಂತರದ ಸಂಜೆ, ಮೂರನೇ ಸಲ ಪೈಪು ಮಾಳಿಗೆ ಏರಿತು. ಶುಕ್ರ ಕೆಳಗಿಳಿದಿದ್ದ, ಉರಿಯುವಂತೆ ಹೊಳೆಯುತ್ತಿದ್ದ. ಅಪ್ಪ ಹೊಸ ಕಣ್ಣನ್ನು ಪೈಪಿಗೆ ಹಚ್ಚಿದ. ಹೊಸ ಕಣ್ಣೆಂದು ಅದನ್ನು ಎಷ್ಟು ಜೋಪಾನವಾಗಿ ಹಚ್ಚಿದನೆಂದರೆ, ಅವ್ವ ಹಣತೆಗೆ ಎಣ್ಣೆ ಹಾಕುವಾಗಲೂ ಅಷ್ಟು ಜೋಪಾನ ಮಾಡುವುದಿಲ್ಲ.

"ಅರೇ!"

ಅಷ್ಟೇ. ಮತ್ತೆ, "ಅರೇರೇ! ಕುಡಗೋಲ! ಬರೋಬ್ಬರಿ ಕುಡಗೋಲ! ಮತ್ತ ಎಷ್ಟು ದೊಡ್ಡದಾಗ್ಯಾದ ಬಾ!" ಎಂದು ಅವ್ವನನ್ನು ಎಳೆದ, ಪೈಪು ಅಲ್ಲಾಡಿ ಶುಕ್ರ ತಪ್ಪಿಹೋಯಿತು, ಖಾದ್ರಿ ಸರ್ ಹುಡುಕಿ ಕೊಟ್ಟರು, ಅಪ್ಪ ಮತ್ತೆ ನೋಡಿದ. ಪಕ್ಕದ ಮಾಳಿಗೆಯವರನ್ನು ಕರೆದ. ಕೆಳಗೆ ಓಣಿಯಲ್ಲಿ ಹೋಗುತ್ತಿದ್ದ ಪರಿಚಯದವರನ್ನು ಹೆಸರು ಹಿಡಿದು ಕೂಗಿ ಕರೆದ. ಇಟಲಿಯಂವ ಮೊದಲ ಸಲ ಇದನ್ನು ಕಂಡಾಗ ಹೀಗೆಯೇ ಕುಣಿದಿರಬೇಕು. ಪಾಪ, ಆಮೇಲೆ ಭೂಮಿ ತಿರುಗುತ್ತದೆ ಎಂದು ಗಟ್ಟಿಯಾಗಿ ವಾದಿಸಿದ್ದಕ್ಕೆ ಮುಪ್ಪಿನಲ್ಲಿ ಮನೆಯೊಳಗೆ ಬಂದಿಯಾಗಿ ಕೂರಬೇಕಾಯಿತು.

ನಾನು ಗೆದ್ದೆ ಎಂದುಕೊಂಡು ಆ ರಾತ್ರಿ ನಿದ್ದೆ ಮಾಡಿದೆ. ಮುಂಜಾನೆ ಚಹಾ ಕುಡಿಯುವಾಗ ಅಪ್ಪ ತಯಾರಾಗಿ ಕೂತಿದ್ದ.

"ಶುಕ್ರ ಸೂರ್ಯನ್ನ ಸುತ್ತತದ. ಒಪ್ಪಿದೆ. ನನ್ನ ಕಣ್ಣಿಲೆ ನೋಡೀನಿ. ಆದ್ರ ಯವ್ವಾ, ಸೂರ್ಯ ಶುಕ್ರನ್ನ ಬಗಲಾಗ ಹಾಕ್ಕೊಂಡು ನಮ್ಮನ್ನ ಸುತ್ತಿದ್ರ? ಆಗನೂ ಹಿಂಗ ಕಾಣತದಲ್ಲ?"

ನನ್ನ ಲೋಟದ ಚಹಾ ನಿಜವಾಗಿಯೂ ಚೆಲ್ಲಿತು. ಇದು ಡೆನ್ಮಾರ್ಕಿನಂವನ ವಾದ! ಅಕ್ಷರಶಃ! ಆ ಲೋಹದ ಮೂಗಿನ ಜಮೀನ್ದಾರ ಪೋಲೆಂಡಿನಂವನಿಗೂ ಬೇಸರವಾಗದಂತೆ, ಈಜಿಪ್ಟಿನಂವನಿಗೂ ಬೇಸರವಾಗದಂತೆ ಮಾಡಿದ ರಾಜಿ ಇದೇ: ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ. ಶುಕ್ರ ಕುಡುಗೋಲಾದ ಮಾತ್ರಕ್ಕೆ ಆ ರಾಜಿ ಮುರಿಯುವುದಿಲ್ಲ. ಅಂದಿನ ಎಷ್ಟೋ ಪಂಡಿತರು ಅದರಲ್ಲೇ ನೆಲೆ ನಿಂತರು. ನಮ್ಮ ಪಠ್ಯಪುಸ್ತಕ ಇದನ್ನು ಹೇಳುವುದೇ ಇಲ್ಲ. ಅಲ್ಲಿ ಇಟಲಿಯಂವ ಇಣುಕಿದ, ಜಗತ್ತು ಒಪ್ಪಿತು. ಬಸವಕಲ್ಯಾಣದ ಅರಿವಿ ವ್ಯಾಪಾರಿಯೊಬ್ಬ ಯಾರಿಂದಲೂ ಕೇಳದೆ ಅದೇ ಕವಲಿಗೆ ಬಂದು ನಿಂತಿದ್ದ. ನನಗೆ ಸೋತ ಬೇಸರವಾಗುವ ಬದಲು ಎದ್ದು ಕುಣಿಯಬೇಕೆನಿಸಿತು.

"ಅಪ್ಪಾ, ಶುಕ್ರ ಜೂನ್ ಮೊದಲ್ನೇ ವಾರ ಅಸ್ತ ಅಲ್ಲ?"

"ಹೌದು. ಅಂಗಡಿ ಖಾಲಿ."

"ಈ ಸಲ ಅಂವ ಸುಮ್ನ ಮುಳುಗೋದಿಲ್ಲ. ಸೂರ್ಯನ ಮಾರಿ ಮ್ಯಾಗ ಹಾದು ಹೋಗತಾನ. ಹಾಡೇ ಹಗಲು. ಈಗ ಬದುಕಿದ್ದ ಮಂದಿ ಯಾರೂ ನೋಡಿಲ್ಲ."

ಅಪ್ಪ ಲೋಟ ಕೆಳಗಿಡುವುದನ್ನೇ ಮರೆತ.

ಜೂನ್ ಎಂಟರಂದು ನಾನು ರಜೆ ಹಾಕಿದೆ. ಖಾದ್ರಿ ಸರ್ ಕೂಡ ರಜೆ ಹಾಕಿದರು; ಇಬ್ಬರ ಅರ್ಜಿಯಲ್ಲೂ ತಲೆನೋವು ಎಂದೇ ಇತ್ತು. ಸೂರ್ಯನನ್ನು ಪೈಪಿನಲ್ಲಿ ನೇರ ನೋಡುವಂತಿಲ್ಲ, ಕಣ್ಣು ಸುಟ್ಟುಹೋಗುತ್ತದೆ. ಅದಕ್ಕಾಗಿ ಪೈಪಿನ ಹಿಂದೆ ಬಿಳಿ ಬಟ್ಟೆ ಬಿಗಿದು, ಅದರ ಮೇಲೆ ಸೂರ್ಯನ ಬಿಂಬ ಬೀಳುವಂತೆ ಮಾಡಬೇಕು. ಅಪ್ಪ ಅಂಗಡಿಯ ಅತಿ ಬೆಳ್ಳಗಿನ ಬಟ್ಟೆಯ ಥಾನನ್ನು ಹುಡುಕಿ ತಂದ. ಬೆಳ್ಳಗಿನದು ಯಾವುದೆಂದು ಅವನಿಗೆ ಈಗ ಚೆನ್ನಾಗಿ ಗೊತ್ತಾಗುತ್ತಿತ್ತು.

ಆದರೆ ಮೋಡ! ಮುಂಗಾರಿನ ಮೊದಲ ಮೋಡಗಳು ಅಂದೇ ಬರಬೇಕೇ? ಶುಕ್ರ ಸೂರ್ಯನ ಅಂಚಿಗೆ ಕಾಲಿಡುವ ಗಳಿಗೆ ಮೋಡದೊಳಗೇ ಕಳೆದುಹೋಯಿತು. ಮಧ್ಯಾಹ್ನದ ಊಟವಾಯಿತು. ಮಾಳಿಗೆಯ ಮೇಲೆ ಸೇರಿದ್ದ ಓಣಿಯ ಮಂದಿ ಒಬ್ಬೊಬ್ಬರೇ ಇಳಿದು ಹೋದರು. ವರ್ಷವಿಡೀ ಮಳೆಗಾಗಿ ಕೈಮುಗಿಯುವ ಅವ್ವ ಅಂದು ಮೋಡಕ್ಕೆ ಶಾಪ ಹಾಕಿದಳು, ಕೂಡಲೇ ಗಲ್ಲ ಬಡಿದುಕೊಂಡಳು. ಖಾದ್ರಿ ಸರ್ ಬಟ್ಟೆಯ ಮೂಲೆ ಸರಿಪಡಿಸುತ್ತಲೇ ಇದ್ದರು. ಅಪ್ಪ ಮಾತ್ರ ಕದಲಲಿಲ್ಲ. "ಗಿರಾಕಿ ಬರತಾನ. ಅಂಗಡಿ ತೆರದು ಕುಂಡ್ರಬೇಕು," ಎಂದ.

ಮೂರು ಗಂಟೆಯ ಸುಮಾರಿಗೆ ಗಾಳಿ ಎದ್ದಿತು. ಮೋಡ ಹರಿಯಿತು. ಬಿಳಿ ಬಟ್ಟೆಯ ಮೇಲೆ ಅಂಗೈಯಷ್ಟಗಲದ ಸೂರ್ಯ ಧುಮುಕಿದಂತೆ ಬಂದು ಬಿದ್ದ. ಅವನ ಮೈಮೇಲೆ, ಅಂಚಿಗೆ ಸ್ವಲ್ಪ ಒಳಗೆ, ಒಂದು ಕಪ್ಪು ಚುಕ್ಕೆ. ಜೋಳದ ಕಾಳಿನಷ್ಟು. ಕೊರೆದು ಇಟ್ಟಂತೆ ದುಂಡಗೆ.

ನನಗೆ ಕಣ್ಣೀರು ಬಂತು. ಯಾಕೆ ಎಂದು ಕೇಳಬೇಡಿ. ಖಾದ್ರಿ ಸರ್ "ಯಾ ಅಲ್ಲಾ" ಎಂದು ನೆಲಕ್ಕೆ ಕುಳಿತರು. ಅಪ್ಪ ಬಟ್ಟೆಯ ಹತ್ತಿರ ಹೋಗಿ, ಮುಟ್ಟದೆ, ಆ ಕಾಳಿನ ಪಕ್ಕ ಬೆರಳು ಹಿಡಿದ.

"ಇದ ಶುಕ್ರನೇನು? ಆ ಕುಡಗೋಲ?"

"ಅದ ಅಪ್ಪಾ. ಈಗ ಬೆನ್ನು ಪೂರಾ ನಮ್ಮ ಕಡಿ."

"ಎಷ್ಟು ದೊಡ್ಡದು ಅದು, ಖರೇ ಅಂದ್ರ?"

"ಹೆಚ್ಚುಕಡಿಮಿ ನಮ್ಮ ಭೂಮಿಯಷ್ಟ."

ಅಪ್ಪನ ಬೆರಳು ಕಾಳಿನಿಂದ ಬಿಂಬದ ಈ ತುದಿಗೆ ಹೋಯಿತು, ಆ ತುದಿಗೆ ಬಂತು. ಬಟ್ಟೆ ಅಳೆದೇ ಆಯುಷ್ಯ ಕಳೆದ ಕೈ ಅದು.

"ಶುಕ್ರ ನಮಗ ಹತ್ರ ಅದ. ಸೂರ್ಯ ಅದರ ಹಿಂದ, ದೂರ?"

"ಬಹಳ ದೂರ."

"ದೂರ ಇದ್ದೂ ಇಷ್ಟು ಅಗಲ ಕಾಣತಾನ. ಹತ್ರ ಬಂದ್ರ..." ಅವನು ನಿಲ್ಲಿಸಿದ. ಗಾಳಿಗೆ ಬಟ್ಟೆ ಅಲುಗಿ ಸೂರ್ಯ ಒಮ್ಮೆ ಅಲೆಯಾಗಿ ಮತ್ತೆ ಸಮವಾದ. "ಒಂದು ಕಾಳಿನ ಸುತ್ತ ಕಣಜ ತಿರುಗತದೇನು? ಸಾಧ್ಯ ಇಲ್ಲ. ನಾವ ತಿರುಗಾಕತ್ತೀವಿ."

ಅವನು ಅದನ್ನು ಜೋರಾಗಿ ಹೇಳಲಿಲ್ಲ. ಸೋತವನಂತೆಯೂ ಹೇಳಲಿಲ್ಲ. ನನ್ನ ಮೈಮೇಲೆ ಮಾತ್ರ ಮುಳ್ಳೆದ್ದವು. ಎಲ್ಲರಿಗಿಂತ ಮೊದಲು, ಎರಡು ಸಾವಿರ ವರ್ಷಕ್ಕೂ ಹಿಂದೆ, ಗ್ರೀಸಿನ ಒಂದು ದ್ವೀಪದಲ್ಲಿ ಒಬ್ಬ ಮನುಷ್ಯ ಸೂರ್ಯನ ಅಳತೆ ಹಾಕಲು ಹೊರಟಿದ್ದ. ಅಳತೆ ಸರಿಯಾಗಿರಲಿಲ್ಲ, ಆದರೆ ಸೂರ್ಯ ಭೂಮಿಗಿಂತ ಬಹಳ ದೊಡ್ಡವನು ಎಂದಷ್ಟು ತಿಳಿಯಿತು. ಬಹುಶಃ ಅದಕ್ಕೇ ಅವನು ಸೂರ್ಯನನ್ನು ನಡುವೆ ಕೂರಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭೂಮಿ ಓಡುತ್ತಿರುವುದಕ್ಕೆ ನಕ್ಷತ್ರಗಳ ಬೆಳಕಿನಿಂದ ನೇರ ಸಾಕ್ಷಿ ಸಿಕ್ಕಿದ್ದು ಇಟಲಿಯಂವ ತೀರಿಹೋಗಿ ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ಒಪ್ಪುವವರು ಒಪ್ಪಿಯಾಗಿತ್ತು. ಕೆಲವರು ಲೆಕ್ಕ ಕೂಡಿದ್ದಕ್ಕೆ, ಕೆಲವರು ಕುಡುಗೋಲು ಕಂಡದ್ದಕ್ಕೆ, ಕೆಲವರು ನಮ್ಮಪ್ಪನ ಹಾಗೆ ಕಾಳು-ಕಣಜದ ನ್ಯಾಯಕ್ಕೆ. ಸತ್ಯಕ್ಕೆ ಒಂದೇ ಬಾಗಿಲು ಇರುವುದಿಲ್ಲ. ಅಪ್ಪ ಅವುಗಳಲ್ಲಿ ಒಂದೊಂದನ್ನೂ ತಟ್ಟಿ, ಒಳಗೆ ಇಣುಕಿ, ಕೊನೆಗೆ ತನಗೆ ತಕ್ಕ ಎತ್ತರದ್ದನ್ನು ಆರಿಸಿಕೊಂಡಿದ್ದ.

ಸಂಜೆ ಐದರ ಸುಮಾರಿಗೆ ಕಪ್ಪು ಕಾಳು ಬಿಂಬದ ಅಂಚು ಮುಟ್ಟಿ, ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡಿ, ಹೊರಗೆ ಜಾರಿಹೋಯಿತು. ಅವ್ವ ಎಲ್ಲರಿಗೂ ಚುರುಮುರಿ ತಂದಳು. ಖಾದ್ರಿ ಸರ್ ಪೈಪು ಬಿಚ್ಚುತ್ತಿದ್ದರು. ಅಪ್ಪ ಬಟ್ಟೆ ಮಡಿಸುತ್ತ ಅವ್ವನಿಗೆ ತನ್ನ ಹೊಸ ಜ್ಞಾನವನ್ನು ವಿವರಿಸತೊಡಗಿದ. ಬುಧ, ಶುಕ್ರ, ನಾವು, ಮಂಗಳ, ಎಲ್ಲರೂ ಅವನ ಸುತ್ತ. ಅವನೊಬ್ಬ ನಡುವೆ, ಕದಲದೆ. ಅವ್ವ ಎಲ್ಲ ಕೇಳಿ ಮುಗಿಸಿ, ಕೈಯ ಉಪ್ಪು ಝಾಡಿಸಿ, ಒಂದೇ ಪ್ರಶ್ನೆ ಕೇಳಿದಳು.

"ಎಲ್ಲಾರೂ ಅವನ ಸುತ್ತ ತಿರುಗತಾರಂದ್ರಿ. ಅಂವ ಯಾರ ಸುತ್ತ ತಿರುಗತಾನ?"

ಅಪ್ಪನ ಕೈಯಲ್ಲಿ ಬಟ್ಟೆ ಅರ್ಧ ಮಡಿಕೆಯಲ್ಲಿ ನಿಂತಿತು. ಅವನು ನನ್ನನ್ನು ನೋಡಿದ, ನಾನು ಖಾದ್ರಿ ಸರ್ ಅವರನ್ನು ನೋಡಿದೆ.

"ಅಕ್ಕಾವರು ಬರೋಬ್ಬರಿ ಕೇಳ್ಯಾರ," ಎಂದರು ಖಾದ್ರಿ ಸರ್, ನಗುತ್ತ. "ಅಂವನೂ ಹೊಂಟಾನ್ರಿ. ಆಕಾಶಗಂಗಿ ಅದ ನೋಡ್ರಿ, ಅದರ ನಟ್ಟನಡುವಿನ ಸುತ್ತ, ನಮ್ಮೆಲ್ಲಾರನ್ನೂ ಕಟ್ಟಿಕೊಂಡು ಓಡಾಕತ್ತಾನ. ಒಂದು ಸುತ್ತು ಹಾಕಾಕ ಕೋಟಿಗಟ್ಟಲೆ ವರ್ಷ ಬೇಕು."

ಆರು ತಿಂಗಳ ಶ್ರಮದಿಂದ ನಿಲ್ಲಿಸಿದ ಸೂರ್ಯ ಹೀಗೆ ಚುರುಮುರಿ ತಿನ್ನುವಷ್ಟರಲ್ಲಿ ಮತ್ತೆ ಹೊರಟುಬಿಟ್ಟಿದ್ದ. ಅಪ್ಪನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವನು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದ.

"ಹಂಗಾರ ನಿಂತಂವ ಯಾರೂ ಇಲ್ಲ?"

"ಯಾರೂ ಇಲ್ಲ ಅಪ್ಪಾ."

"ಚಲೋ ಆತು ಬಿಡು," ಎಂದು ಅವನು ಬಟ್ಟೆ ಮಡಿಸಿ ಮುಗಿಸಿದ. "ಎಲ್ಲಾರೂ ದುಡಿಯೋ ಮುಂದ ಅಂವ ಒಬ್ಬಂವ ಸುಮ್ನ ಕುಂತದ್ದು ನನಗ ಮನಸ್ಸಿಗೆ ಬರವಲ್ಲದಾಗಿತ್ತು."